ಒಮಾನ್‌ನ ಲುಬಾನ್ ದಾರಿ: ಹೋಗಿ ಬಂದವರು ಹೇಳಿ

ಕೇಳಿದವರು: ಮಸ್ಕತ್‌ಗೆ ಬಂದು ಎರಡು ವರ್ಷವಾಯಿತು. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಹಿಂದೆ ಒಂಟೆಗಳ ಮೇಲೆ ಲುಬಾನ್ (ಸಾಂಬ್ರಾಣಿಯ ಹಾಗೆ ಧೂಪಕ್ಕೆ ಹಾಕುವ ಮರದ ಅಂಟು) ಸಾಗಿಸುತ್ತಿದ್ದ ದಾರಿಯನ್ನು ನೋಡಲೇಬೇಕಂತೆ. ನಾಲ್ಕು ದಿನ ರಜೆ ಇದೆ. ಯಾವಾಗ, ಎಲ್ಲೆಲ್ಲಿ ಹೋಗಲಿ?

ಸಲಾಲಾದಲ್ಲಿ ಆರು ವರ್ಷ ಇದ್ದವಳು: ನೋಡಬೇಕಾದ್ದೆಲ್ಲ ದಕ್ಷಿಣ ಒಮಾನ್‌ನ ಸಲಾಲಾ ಕಡೆ ಇದೆ. ಎಲ್ಲರೂ ಖರೀಫ್‌ನಲ್ಲಿ ಹೋಗಿ ಎನ್ನುತ್ತಾರೆ, ಅಂದರೆ ಅಲ್ಲಿನ ಮಳೆಗಾಲ, ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ. ಮಂಜು, ತುಂತುರು, ಹಸಿರು ಗುಡ್ಡ. ಉಡುಪಿ ಕಡೆಯ ನನಗೆ ಅದಕ್ಕೆ ಸಾವಿರ ಕಿಲೋಮೀಟರ್ ಹೋಗಬೇಕು ಅನ್ನಿಸಲಿಲ್ಲ! ಜನವೂ ಜಾಸ್ತಿ. ಚಳಿಗಾಲದಲ್ಲಿ ಹೋಗಿ. ಲುಬಾನ್ ಮರ ಹೆರೆಯುವುದನ್ನೇ ನೋಡಬೇಕು, ಬಿಸಿಲು ತಡೆಯುತ್ತೇವೆ ಅಂದರೆ ಏಪ್ರಿಲ್.

ಮೊದಲ ದಿನ ವಾದಿ ದೌಕಾ, ಲುಬಾನ್ ಮರಗಳಿರುವ ಒಣ ಕಣಿವೆ. ಸಲಾಲಾದಿಂದ ತುಮ್ರೈತ್ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಮಳೆಮೋಡ ಗುಡ್ಡದ ಈಚೆಗೇ ನಿಂತುಬಿಡುತ್ತದೆ, ಆಚೆ ಬರೀ ಕಲ್ಲು. ಲುಬಾನ್ ಮರಕ್ಕೆ ಆ ಒಣ ನೆಲವೇ ಬೇಕು. ತೊಗಟೆ ಹೆರೆದರೆ ಹಾಲಿನಂಥ ಅಂಟು ಒಸರುತ್ತದೆ, ಒಂದೆರಡು ವಾರದಲ್ಲಿ ಗಟ್ಟಿಯಾಗುತ್ತದೆ. ಮೊದಲು ಬಂದದ್ದಕ್ಕೆ ಬೆಲೆಯಿಲ್ಲ. ಮತ್ತೆ ಮತ್ತೆ ಹೆರೆದ ಮೇಲೆ ಬರುವುದೇ ಒಳ್ಳೆಯದು. ಮೇಷ್ಟ್ರಿಗೆ ಮೊದಲು ಈ ಮರ ತೋರಿಸಿ. ಆಮೇಲೆ ನೋಡುವ ಕಲ್ಲು ಗೋಡೆಗಳಿಗೆಲ್ಲ ಅರ್ಥ ಬರುತ್ತದೆ.

ಎರಡು ಸಲ ಹೋಗಿ ಬಂದವನು: ಅಕ್ಕ ಹೇಳಿದ್ದು ಸರಿ. ಶಿಸ್ರ್‌ಗೂ ಹೋಗಿ, ಆದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಅದು ಮರಳುಗಾಡಿನ ಅಂಚಿನ ನೀರಿನ ತಾಣ. 1990ರ ದಶಕದಲ್ಲಿ ಉಪಗ್ರಹ ಚಿತ್ರದಲ್ಲಿ ಒಂಟೆಗಳ ಹಳೆಯ ಹಾದಿ ಹುಡುಕುತ್ತಾ ಅಲ್ಲಿ ಅಗೆದರು. ಕಳೆದುಹೋದ ಉಬಾರ್ ಪಟ್ಟಣ ಇದೇ ಎಂದು ಸುದ್ದಿಯಾಯಿತು. ಈಗಲೂ ಅದನ್ನು ಎಲ್ಲರೂ ಒಪ್ಪುವುದಿಲ್ಲ. ಕಾಣುವುದು ಕುಸಿದ ದೊಡ್ಡ ಗುಂಡಿ, ಸುತ್ತ ಮೋಟು ಗೋಡೆ. ನನ್ನ ಹೆಂಡತಿ "ಇಷ್ಟೇನಾ?" ಅಂದಳು. ನನಗೆ ಮಾತ್ರ ಆ ಗುಂಡಿಯ ಅಂಚಿನಲ್ಲಿ ನಿಂತು, ಒಂದು ಬಾವಿಗಾಗಿ ಎಷ್ಟು ಒಂಟೆ ಕಾದಿರಬಹುದು ಅನ್ನಿಸಿತು.

ಮಸ್ಕತ್‌ನಿಂದ ಕಾರಿನಲ್ಲಿ ಹೋದರೆ ಬಂಕ್ ಕಂಡಲ್ಲೆಲ್ಲ ಪೆಟ್ರೋಲ್ ಹಾಕಿಸಿ. ದಾರಿ ನಡುವಿನ ಹೈಮಾ ಊರು ದಾಟಿದ ಮೇಲೆ ನಾನು ಎಸಿ ಆಫ್ ಮಾಡಿ, ಬೆವರುತ್ತಾ ಮುಂದಿನ ಬಂಕ್ ಮುಟ್ಟಿದ್ದೆ. ರಾತ್ರಿ ಓಡಿಸಲೇಬೇಡಿ, ಒಂಟೆಗಳು ರಸ್ತೆಗೆ ಬರುತ್ತವೆ. ಅಪ್ಪ ಅಮ್ಮ ಜೊತೆಗಿದ್ದರೆ ವಿಮಾನವೇ ವಾಸಿ.

ಮಂಗಳೂರಿನವನು, ಈಗ ಸೊಹಾರ್: ಸುಮ್ಹುರಾಮ್ ಬಿಡಬೇಡಿ. ತಾಖಾ ಹತ್ತಿರ, ಖೋರ್ ರೋರಿ ಹಿನ್ನೀರಿನ ದಂಡೆಯಲ್ಲಿದೆ. ಲುಬಾನ್ ಹಡಗು ಹತ್ತುತ್ತಿದ್ದ ಬಂದರು. ಅಲ್ಲಿ ನಮ್ಮ ದೇಶದ ಕಂಚಿನ ನರ್ತಕಿಯ ಚಿಕ್ಕ ಮೂರ್ತಿ ಸಿಕ್ಕಿದೆ, ತಮಿಳು ಬ್ರಾಹ್ಮಿ ಅಕ್ಷರ ಕೊರೆದ ಮಡಕೆ ಚೂರೂ ಸಿಕ್ಕಿದೆ. ಆಮೇಲೆ ಸಲಾಲಾದ ಒಳಗೇ ಇರುವ ಅಲ್ ಬಲೀದ್, ಹಳೆಯ ಬಂದರು ಪಟ್ಟಣದ ಅವಶೇಷ. ಇಲ್ಲಿಂದ ಭಾರತಕ್ಕೆ ಕುದುರೆ ಹೋಗುತ್ತಿತ್ತು ಎಂದು 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಅರಬ್ಬಿ ಕುದುರೆಗೆ ವಿಜಯನಗರದವರು ಎಷ್ಟು ಸುರಿಯುತ್ತಿದ್ದರು ಎಂದು ನಿಮ್ಮ ತಂದೆಗೆ ಹೇಳಿಕೊಡಬೇಕಿಲ್ಲ ಅಲ್ವಾ? ಅಲ್ಲಿನ ಮ್ಯೂಸಿಯಂಗೆ ಅರ್ಧ ದಿನ ಇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಡಿಸೆಂಬರ್, ವಿಮಾನ. ಅಮ್ಮನದು ಒಂದೇ ಪ್ರಶ್ನೆ: ಪೂಜೆಗೆ ಲುಬಾನ್ ಎಷ್ಟು ಕೊಳ್ಳಲಿ?

ಸಲಾಲಾದಲ್ಲಿ ಆರು ವರ್ಷ ಇದ್ದವಳು: ಕಾಲು ಕೇಜಿ ಸಾಕು. ಸೂಕ್‌ನಲ್ಲಿ (ಅಲ್ಲಿನ ಪೇಟೆ) ಹೋಜರಿ ಎಂದು ಕೇಳಿ, ತಿಳಿ ಹಸಿರು ಬಣ್ಣದ್ದು. ಊರಿನ ಸಾಂಬ್ರಾಣಿಯ ವಾಸನೆ ಇರುವುದಿಲ್ಲ, ನಿಂಬೆಯ ಹಾಗಿರುತ್ತದೆ. ಅಮ್ಮನಿಗೆ ಮೊದಲೇ ಹೇಳಿಬಿಡಿ.