ಓದುಗರ ಸ್ಪಂದನ: ಉಪಕಾರ ಮಾಡಿದ ಗೆಳತಿಗೆ ‘ಆಗಲ್ಲ’ ಅನ್ನುವುದು ಹೇಗೆ?

(ಸಮಸ್ಯೆ: ಕಷ್ಟದಲ್ಲಿದ್ದಾಗ ಗೆಳತಿ ಸಾಲ ಕೊಟ್ಟಳು, ತನ್ನ ಆಫೀಸಿನಲ್ಲೇ ಕೆಲಸವನ್ನೂ ಕೊಡಿಸಿದಳು. ಈಗ ಪ್ರತಿ ಭಾನುವಾರ ಅವಳ ಮಕ್ಕಳನ್ನು ನಾನೇ ನೋಡಿಕೊಳ್ಳುತ್ತೇನೆ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಒಳಗೊಳಗೇ ಸಿಟ್ಟು ಬರುತ್ತದೆ, ಮರುಕ್ಷಣ ನಾನೆಂಥ ಉಪಕಾರಗೇಡಿ ಅನ್ನಿಸುತ್ತದೆ.)

*

ಮೊದಲು ಸಾಲದ ಲೆಕ್ಕ ಬೇರೆ ಮಾಡಿ. ದುಡ್ಡಿನ ಸಾಲ ದುಡ್ಡಲ್ಲೇ ತೀರಬೇಕು, ಭಾನುವಾರಗಳಲ್ಲಿ ಅಲ್ಲ. ನನಗೆ ಸಾಲ ಕೊಟ್ಟ ಭಾವ ‘ಇರಲಿ ಬಿಡು, ನಿಧಾನಕ್ಕೆ ಕೊಡು’ ಅಂದಿದ್ದರು. ದೊಡ್ಡ ಮನಸ್ಸಿನ ಮಾತೇ, ಆದರೆ ಆ ನಿಧಾನಕ್ಕೆ ಗಡುವೇ ಇರಲಿಲ್ಲವಲ್ಲ, ಅವರ ಮನೆಗೆ ಹೋದಾಗಲೆಲ್ಲ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದೆ. ತಿಂಗಳಿಗೆ ಇಷ್ಟು, ಇಂಥ ದಿನ ಅಂತ ನಾನೇ ಹೇಳಿ ಕೊಡೋಕೆ ಶುರು ಮಾಡಿದೆ. ಮೊತ್ತ ಚಿಕ್ಕದೇ. ಸಾಲ ಪೂರ್ತಿ ತೀರುವ ಮೊದಲೇ ಆರಾಮಾಗಿ ಒರಗಿ ಕೂತು ಜಗಳ ಆಡುವಷ್ಟು ಸಲಿಗೆ ವಾಪಸ್ ಬಂತು.

*

ನಾನು ಆ ಕಡೆಯವಳು, ಅಂದರೆ ಸಹಾಯ ಮಾಡಿದವಳು. ಪರಿಚಯದ ಹುಡುಗಿಯೊಬ್ಬಳ ಕಾಲೇಜು ಫೀಸು ಕಟ್ಟಿದ್ದೆ. ಆಮೇಲೆ ನನ್ನನ್ನು ಕಂಡರೆ ಸಾಕು, ಎದ್ದು ನಿಲ್ಲುತ್ತಿದ್ದಳು. ನನಗಂತೂ ಹಿಂಸೆ. ಒಂದು ದಿನ ನನ್ನ ಪಿಂಚಣಿ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿಕೊಡು ಅಂತ ಕೂರಿಸಿಕೊಂಡೆ. ‘ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ ಅಂತ ಎಷ್ಟು ಸಲ ಹೇಳೋದು ಆಂಟಿ?’ ಅಂತ ರೇಗಿದಳು. ಅಬ್ಬಾ, ಅವತ್ತು ನೆಮ್ಮದಿಯಾಯಿತು!

1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಸ್ಪರ್ಧೆಯಲ್ಲಿ ದುಡ್ಡು ಗೆದ್ದವರಲ್ಲಿ ಕೆಲವರ ಹತ್ತಿರ, ಅದನ್ನು ನಡೆಸಿದಾತ ‘ಇದು ನನ್ನ ಸ್ವಂತ ದುಡ್ಡು, ಮುಗಿಯುತ್ತಾ ಬಂತು, ದಯವಿಟ್ಟು ವಾಪಸ್ ಕೊಡ್ತೀರಾ?’ ಅಂತ ಕೇಳಿದ. ಹಾಗೆ ಕೊಟ್ಟವರಿಗೇ ಅವನು ಜಾಸ್ತಿ ಇಷ್ಟವಾಗಿದ್ದ, ಗೆದ್ದದ್ದನ್ನು ಸುಮ್ನೆ ಜೇಬಿಗಿಳಿಸಿಕೊಂಡವರಿಗೆ ಅಷ್ಟಾಗಿ ಅಲ್ಲ. ಯಾರಿಗಾದರೂ ಉಪಕಾರ ಮಾಡಿದರೆ ನಮಗೇ ಅವರ ಮೇಲೆ ಪ್ರೀತಿ ಹುಟ್ಟುತ್ತದೆ ಅನ್ನಿ. ನಿಮ್ಮ ಗೆಳತಿಯೂ ಸಾಲ ವಸೂಲಿಗೆ ಅಂತಲ್ಲ, ನೀವು ಆಪ್ತರು ಅಂತಲೇ ಮಕ್ಕಳನ್ನು ಬಿಟ್ಟು ಹೋಗುತ್ತಿರಬಹುದು. ನಿಮಗೆ ಹೊರೆ ಆಗಿದೆ ಅನ್ನುವುದು ಅವಳ ತಲೆಗೇ ಬಂದಿಲ್ಲದಿರಬಹುದು. ಬಾಯಿಬಿಟ್ಟು ಹೇಳದೆ ಅವಳಿಗೆ ಹೇಗೆ ಗೊತ್ತಾಗಬೇಕು?

*

ಮೇಲಿನವರು ತುಂಬಾ ಒಳ್ಳೆಯವರು, ಆದರೆ ಒಂದು ಮಾತು ಬಿಟ್ಟರು. ಅವಳು ಅದೇ ಆಫೀಸಿನಲ್ಲಿ ನಿಮ್ಮ ಮೇಲಧಿಕಾರಿಯಾ? ಹೌದಾದರೆ ನಿಮ್ಮ ಬಡ್ತಿ, ರಜೆ ಎಲ್ಲ ಅವಳ ಕೈಲಿದೆ. ಆಗ ಇದು ಬರೀ ಸ್ನೇಹದ ವಿಷಯ ಅಲ್ಲ, ಅಲ್ವಾ?

‘ಈ ಭಾನುವಾರ ಆಗಲ್ಲ ಕಣೇ’ ಅನ್ನಿ. ಅಷ್ಟೇ. ಕಾರಣ ಕೊಡಬೇಡಿ, ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹುಡುಕಿಕೊಂಡು ಬರುತ್ತಾಳೆ. ಅವಳು ‘ಸರಿ ಬಿಡೇ’ ಅಂದರೆ ಇಷ್ಟು ದಿನ ಭಯಪಟ್ಟಿದ್ದು ನೀವೊಬ್ಬರೇ. ಬದಲಿಗೆ ಸಾಲದ ಮಾತೋ ಕೆಲಸದ ಮಾತೋ ಎತ್ತಿದಳೋ, ಸಾಲ ಬೇಗ ತೀರಿಸಿ, ಬೇರೆ ಕೆಲಸಕ್ಕೂ ಅರ್ಜಿ ಹಾಕೋಕೆ ಶುರು ಮಾಡಿ.