ಪ್ರಶ್ನೋತ್ತರ: ಒಂದು ಎರಡಾಗಿ ಕಂಡ್ರ ಯಾವ ಸ್ನಾಯು, ಯಾವ ನರ?

ಪ್ರಶ್ನೆ (ಚಷ್ಮಾ ಅಂಗಡಿ, ಗದಗ): ಗಿರಾಕಿಗೆ 58 ವರ್ಷ, ಸಕ್ಕರಿ ಕಾಯಿಲೆ ಐತ್ರಿ. ನಾಲ್ಕು ದಿನದಿಂದ ದೂರದ ಬಸ್ಸಿನ ಬೋರ್ಡು ಅಕ್ಕಪಕ್ಕ ಎರಡೆರಡು ಕಾಣ್ತಾವಂತ. ಪೇಪರ್ ಓದಾಕ ತ್ರಾಸಿಲ್ಲ. ನಂಬರ್ ನೋಡೀನಿ, ಬದಲಾಗಿಲ್ಲ. ಹೊಸಾ ಚಷ್ಮಾ ಕೊಡ್ಲ್ಯೋ, ದವಾಖಾನಿಗೆ ಕಳಸ್ಲ್ಯೋ?

ಉತ್ತರ (ನೇತ್ರತಜ್ಞೆ, ಹುಬ್ಬಳ್ಳಿ): ಕಳಸ್ರಿ. ಅದಕ್ಕೂ ಮೊದಲ ಎರಡು ನಿಮಿಷದ ಕೆಲಸ ಅದ. ಒಂದು ಕಣ್ಣು ಮುಚ್ಚಿಸಿ ಕೇಳ್ರಿ. ಆಗಲೂ ಎರಡು ಕಂಡ್ರ ಅದು ತೆರೆದ ಕಣ್ಣಿನೊಳಗಿನ ತಕರಾರು: ಮೋತಿಬಿಂದು, ಇಲ್ಲಾ ಸಿಲಿಂಡರ್ ನಂಬರ್ (ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಸಮಾ ಇರದಿದ್ದಾಗ ಬರೋದು). ಯಾವ ಕಣ್ಣು ಮುಚ್ಚಿದ್ರೂ ಒಂದೇ ಕಂಡ್ರ, ಎರಡೂ ಕಣ್ಣು ಒಂದೇ ಜಾಗಾ ನೋಡ್ತಾ ಇಲ್ಲ. ಇದು ನಂಬರಿನ ಮಾತಲ್ಲ, ಚಲನೆಯ ಮಾತು.

ಸುಮಾರು 24 ಮಿ.ಮೀ. ಕಣ್ಣುಗುಡ್ಡಿಗೆ ಆರು ಸ್ನಾಯು: ನಾಲ್ಕು ನೇರ, ಎರಡು ಓರೆ. ಮೆದುಳಿನಿಂದ ನೇರವಾಗಿ ಹೊರಡೋ ನರಗಳಿಗೆ ಒಂದು, ಎರಡು ಅಂತ ಸಂಖ್ಯೆ ಕೊಟ್ಟಾರ: ಕಿವಿ ಕಡೆಗೆ ಎಳೆಯೋ ಹೊರ ಸ್ನಾಯುವಿಗೆ (ಲ್ಯಾಟರಲ್ ರೆಕ್ಟಸ್) ಆರನೇ ನರ, ಮೇಲಿನ ಓರೆ ಸ್ನಾಯುವಿಗೆ ನಾಲ್ಕನೇದು, ಉಳಿದ ನಾಲ್ಕಕ್ಕೂ ಮತ್ತ ರೆಪ್ಪೆ ಎತ್ತೋ ಸ್ನಾಯುವಿಗೂ ಮೂರನೇದು. ಬಲಕ್ಕ ನೋಡಬೇಕಂದ್ರ ಬಲಗಣ್ಣಿನ ಹೊರ ಸ್ನಾಯು, ಎಡಗಣ್ಣಿನ ಒಳ ಸ್ನಾಯು ಒಟ್ಟಿಗೇ ಬಿಗೀಬೇಕು. ಜೋಡೆತ್ತು ಇದ್ಧಂಗ, ವೈದ್ಯಶಾಸ್ತ್ರವೂ ಇವುಗಳನ್ನ ನೊಗದ ಸ್ನಾಯು ಅಂತನೇ ಕರೀತದ. ಮೆದುಳು ಎರಡಕ್ಕೂ ಸಮಾ ಅಪ್ಪಣೆ ಕೊಡ್ತದ. ಒಂದು ಎತ್ತು ಕುಂಟಿದ್ರ ಆ ಕಡೆ ಹೊರಳಿದಷ್ಟೂ ಬಿಂಬಗಳ ನಡುವಿನ ಅಂತರ ಬೆಳೀತದ.

ನಿಮ್ಮ ಗಿರಾಕಿ ಹೇಳೋದು ಆರನೇ ನರಕ್ಕ ಸರಿಯಾಗಿ ಕೂಡ್ತದ. ಪೇಪರ್ ಓದುವಾಗ ಎರಡೂ ಕಣ್ಣು ಮೂಗಿನ ಕಡೆ ತಿರಗ್ತಾವ, ಹೊರ ಸ್ನಾಯುವಿಗೆ ಕೆಲಸ ಕಡಿಮಿ. ದೂರ ನೋಡುವಾಗ ಅದರ ಸೋಲು ಬಯಲಿಗೆ ಬೀಳ್ತದ. ಪೆನ್ನಿನ ತುದಿ 40 ಸೆಂ.ಮೀ. ದೂರ ಹಿಡಿದು, ತಲಿ ಅಲ್ಲಾಡಿಸದಂಗ ಹೇಳಿ, ಎಡಕ್ಕ, ಬಲಕ್ಕ, ಎರಡೂ ತುದಿಯೊಳಗ ಮೇಲೆ ಕೆಳಗ ಒಯ್ಯಿರಿ. ಎಲ್ಲಿ ಅಂತರ ಹೆಚ್ಚೋ ಅಲ್ಲಿ ನಿಲ್ಲಿಸಿ ಒಂದೊಂದೇ ಕಣ್ಣು ಮುಚ್ಚಿಸ್ರಿ. ಯಾವ ಕಣ್ಣು ಮುಚ್ಚಿದಾಗ ಹೊರ ತುದಿಯ ಬಿಂಬ ಮಾಯ ಆಗ್ತದೋ, ಸೋತಿದ್ದು ಅದೇ ಕಣ್ಣು. ಅದನ್ನ ಚೀಟಿ ಮ್ಯಾಲ ಬರದು ಕಳಸ್ರಿ.

ರೆಪ್ಪೆ ಜೋತುಬಿದ್ದು, ಪಾಪೆ ದೊಡ್ಡದಾಗಿ, ಕಣ್ಣು ಹೊರಕ್ಕ ಕೆಳಕ್ಕ ವಾಲಿದ್ರ ಮಾತ್ರ ನಾಳೆ ಅನ್ನಬ್ಯಾಡ್ರಿ. ಅದು ಮೂರನೇ ನರ. ಸಕ್ಕರಿ ಕಾಯಿಲೆಯಿಂದಾದ್ರ ಸಾಮಾನ್ಯವಾಗಿ ಪಾಪೆ ಸರಿ ಇರ್ತದ. ಪಾಪೆ ಹಿಗ್ಗಿತಂದ್ರ ಮೆದುಳಿನ ರಕ್ತನಾಳ ಉಬ್ಬಿ ನರ ಒತ್ತಿರಬಹುದು. ಅವತ್ತೇ ಸ್ಕ್ಯಾನ್ ಆಗಬೇಕು.

ಪ್ರಶ್ನೆ (ಆಪ್ಟೋಮೆಟ್ರಿ ವಿದ್ಯಾರ್ಥಿ, ಹಾವೇರಿ): ಮೇಲಿನ ಓರೆ ಸ್ನಾಯು ಕಣ್ಣನ್ನ ಕೆಳಗ ಎಳೀತದ ಅಂತಾರ. ಮ್ಯಾಲಿದ್ದದ್ದು ಕೆಳಗ ಹೆಂಗ ಎಳೀತದ ಮೇಡಂ?

ಉತ್ತರ (ಅವರೇ): ಬಾವಿ ರಾಟಿ ನೆನಸ್ಕೋರಿ. ಈ ಸ್ನಾಯು ಕಣ್ಣಿನ ಗೂಡಿನ ಹಿಂದಿನ ತುದಿಯಿಂದ ಹೊರಟು, ಮೂಗಿನ ಪಕ್ಕ ಮೇಲಿನ ಮೂಲೆಯೊಳಗ ಮೆದುಎಲುಬಿನ ಒಂದು ಬಳೆ ತೂರಿ, ಹಗ್ಗ ರಾಟಿ ಮ್ಯಾಲ ಹೊರಳಿದಂಗ ಹಿಂದಕ್ಕ ಹೊರಳ್ತದ. ಗುಡ್ಡಿಯ ಹಿಂಭಾಗಕ್ಕ, ಹೊರಗಿನ ಪಕ್ಕಕ್ಕ ಅಂಟಿಕೊಳ್ತದ. ಹಿಂಭಾಗ ಮೇಲಕ್ಕ ಎದ್ರ ಮುಂಭಾಗ ಕೆಳಕ್ಕ ಇಳೀಲೇಬೇಕಲ್ಲ. ಕಣ್ಣು ಮೂಗಿನ ಕಡೆ ತಿರುಗಿದ್ದಾಗ ಈ ಕೆಳಗಿನ ಎಳೆತ ಜೋರು. ಹೊರಗ ತಿರುಗಿದ್ದಾಗ ಗುಡ್ಡಿಯ ಮೇಲ್ಭಾಗ ಮೂಗಿನ ಕಡೆ ವಾಲುವಂಗ ಒಳಮುಖವಾಗಿ ತಿರುಚೋದೇ ಮುಖ್ಯ ಕೆಲಸ.

ನಾಲ್ಕನೇ ನರ ಸಪೂರ, ತಲೆಬುರುಡೆಯೊಳಗಿನ ಅದರ ದಾರಿ ಉದ್ದ. ಅದಕ್ಕ ಬೈಕಿನಿಂದ ಬಿದ್ದು ತಲಿಗೆ ಪೆಟ್ಟಾದವರೊಳಗ ಇದು ಕೆಡೋದು ಹೆಚ್ಚು. ನೃಪತುಂಗ ಬೆಟ್ಟದ ಮೆಟ್ಟಿಲು ಹತ್ತುವಾಗ ಏನಿಲ್ಲ, ಇಳಿಯುವಾಗ ಒಂದರ ಮ್ಯಾಲೊಂದು ಎರಡು ಮೆಟ್ಟಿಲು ಕಾಣ್ತಾವ. ರೋಗಿ ತಲಿಯನ್ನ ಸರಿ ಇರೋ ಕಣ್ಣಿನ ಭುಜಕ್ಕ ವಾಲಿಸಿರ್ತಾರ. ಹಳೇ ಮದುವಿ ಫೋಟೋ ತರಿಸಿ ನೋಡ್ರಿ. ಅದರೊಳಗೂ ತಲಿ ವಾಲಿದ್ರ ಇದು ಹುಟ್ಟಿನಿಂದ ಬಂದದ್ದು, ಮೊನ್ನೆ ಬಿದ್ದದ್ದರಿಂದಲ್ಲ.

ಪ್ರಶ್ನೆ (ಫಿಸಿಯೋಥೆರಪಿಸ್ಟ್, ಧಾರವಾಡ): ತಲಿಸುತ್ತಿನ ರೋಗಿಗಳಿಗೆ ತಲಿ ಅಲ್ಲಾಡಿಸ್ತಾ ಓದ್ರಿ ಅಂತೇವಿ. ಒಳಗ ನಡೆಯೋದೇನು?

ಉತ್ತರ (ನರರೋಗ ತಜ್ಞ, ಹುಬ್ಬಳ್ಳಿ): ಮೊಬೈಲ್ ಸ್ಥಿರ ಹಿಡಿದು ತಲಿ ಸೆಕೆಂಡಿಗೆ ಎರಡು ಸಲ ಎಡಬಲ ಆಡಿಸ್ರಿ, ಅಕ್ಷರ ಓದಾಕ ಬರ್ತಾವ. ತಲಿ ಸ್ಥಿರ ಇಟ್ಟು ಮೊಬೈಲ್ ಅಷ್ಟೇ ವೇಗದಾಗ ಆಡಿಸ್ರಿ, ಕಲಸಿಹೋಗ್ತಾವ. ಮೊದಲನೇದ್ರಾಗ ಒಳಕಿವಿಯ ಅರ್ಧವೃತ್ತ ನಾಳಗಳು ತಲಿ ತಿರುಗಿದ್ದನ್ನ ಸುಮಾರು 10 ಮಿಲಿಸೆಕೆಂಡಿನೊಳಗ ಕಣ್ಣಿನ ಸ್ನಾಯುವಿಗೆ ಮುಟ್ಟಸ್ತಾವ, ಕಣ್ಣು ಎದುರು ದಿಕ್ಕಿಗೆ ತಿರಗ್ತದ. ಎರಡನೇದ್ರಾಗ ನೋಡಿ ಹಿಂಬಾಲಿಸಬೇಕು. ಅದಕ್ಕ ಸುಮಾರು 100 ಮಿಲಿಸೆಕೆಂಡ್ ಬೇಕು, ಅಷ್ಟೊತ್ತಿಗೆ ಅಕ್ಷರ ಮುಂದ ಹೋಗಿರ್ತದ. ನಿಮ್ಮ ವ್ಯಾಯಾಮ ಪಳಗಸೋದು ಆ ಮೊದಲನೇ ದಾರಿಯನ್ನ.

ಚಿಗರಿ ಬಸ್ಸಿನಾಗ ಕಿಟಕಿ ಪಕ್ಕ ಕೂತವರ ಕಣ್ಣು ನೋಡ್ರಿ: ಕಂಬದ ಜೊತಿ ಮೆಲ್ಲಗ ಹಿಂದ ಸರೀತಾವ, ಟಕ್ ಅಂತ ಮುಂದ ಜಿಗೀತಾವ. ಅದು ಸಹಜ. ಕೂತಲ್ಲೇ, ನೇರ ನೋಡುವಾಗ ಹಂಗ ಜಿಗಿದ್ರ ಸಹಜ ಅಲ್ಲ.

ಒಂದು ಎಚ್ಚರಿಕೆ. ನಿಮ್ಮ ಮೂಗಿನ ಮ್ಯಾಲ ದೃಷ್ಟಿ ಇಡಿಸಿ ರೋಗಿಯ ತಲಿಯನ್ನ ಒಂದು ಪಕ್ಕಕ್ಕ 10–20 ಡಿಗ್ರಿ ಥಟ್ಟನೆ ತಿರುಗಿಸಿದಾಗ (ಕುತ್ತಿಗಿ ತೊಂದರೆ ಇದ್ದವರಿಗೆ ಬ್ಯಾಡ) ಕಣ್ಣು ಜಾರಿ, ಮತ್ತ ಜಿಗಿದು ಹಿಂದಕ್ಕ ಬಂದ್ರ ಆ ಪಕ್ಕದ ಒಳಕಿವಿ ಸೋತದ. ತಾಸುಗಟ್ಟಲೆ ಬಿಡದ ಸುತ್ತು ಇದ್ದೂ ಪರೀಕ್ಷೆ ಸರಿ ಬಂತಂದ್ರ ಸಮಾಧಾನ ಪಡಬ್ಯಾಡ್ರಿ. ಕಿವಿ ಸರಿ ಐತಿ ಅಂದ್ರ ತಕರಾರು ಮೆದುಳಿನೊಳಗ ಇರಬಹುದು. ಪಾರ್ಶ್ವವಾಯು ಅಂತ ತಿಳಿದು ಕಳಸ್ರಿ.

ಪ್ರಶ್ನೆ (ಗದಗದವರು): ಗಿರಾಕಿ ನಾಳೆ ನಿಮ್ಮ ದವಾಖಾನಿಗೆ ಬರ್ತಾರ್ರಿ. ಅಲ್ಲಿತನಕ ಏನು ಮಾಡ್ಲಿ? ಬಿಂಬ ಪಕ್ಕಕ್ಕ ಸರಿಸೋ ಪ್ರಿಸಂ ಗಾಜು ಹಾಕ್ಲ್ಯಾ?

ಉತ್ತರ (ನೇತ್ರತಜ್ಞೆ): ಈಗಲೇ ಗಾಜಿನೊಳಗ ಪ್ರಿಸಂ ಕೆತ್ತಿಸಬ್ಯಾಡ್ರಿ. ಒಂದು ಪ್ರಿಸಂ ಡಯಾಪ್ಟರ್ ಅಂದ್ರ ಒಂದು ಮೀಟರ್ ದೂರಕ್ಕ ಒಂದು ಸೆಂ.ಮೀ. ಸರಿತ, ನರ ಸುಧಾರಿಸಿದಂಗ ಈ ಲೆಕ್ಕ ವಾರ ವಾರಕ್ಕ ಬದಲಾಗ್ತದ, ರೊಕ್ಕ ದಂಡ. ಸಕ್ಕರಿ, ಬಿ.ಪಿ.ಯಿಂದ ಆದದ್ದು ಬಹಳ ಮಂದಿಗೆ ಮೂರು ತಿಂಗಳ ಆಸುಪಾಸು ತಾನಾಗೇ ಇಳೀತದ. ಬೇಕಾದ್ರ ಗಾಜಿನ ಮ್ಯಾಲ ಅಂಟಿಸೋ ಫ್ರೆನೆಲ್ ಹಾಳೆ (ಪ್ರಿಸಂ ಕೆಲಸ ಮಾಡೋ ತೆಳ್ಳಗಿನ ಪ್ಲಾಸ್ಟಿಕ್) ಸಾಕು, ಕಿತ್ತು ಬದಲಿಸಬಹುದು. ಇವತ್ತಿನ ಮಟ್ಟಿಗೆ ಸೋತ ಕಣ್ಣಿನ ಗಾಜಿನ ಒಳಬದಿಗೆ ದವಾಖಾನಿಯ ಬಿಳಿ ಪೇಪರ್ ಟೇಪ್ ಅಂಟಿಸಿ ಕಳಸ್ರಿ. ಗಾಡಿ ಹೊಡೆಯೋದು ಬಂದ್.