ಏಳನೇ ತಿಂಗಳಲ್ಲಿ ಕಾರ್ಪಲ್ ಟನಲ್: ಸ್ಪ್ಲಿಂಟ್ ಹಾಕಿದರೂ ರಾತ್ರಿ ಕೈ ಜೋಮು

ಪ್ರಶ್ನೆ
ನನಗೀಗ ಏಳು ತಿಂಗಳು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಉರಿಯುತ್ತವೆ. ಎದ್ದು ಕೈ ಕೊಡವಿದರೆ ಸ್ವಲ್ಪ ಹಗುರ. ಡಾಕ್ಟರ್ ಇದು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತುವ ತೊಂದರೆ ಎಂದು, ಮಣಿಕಟ್ಟು ಬಾಗದಂತೆ ಹಿಡಿಯುವ ಸ್ಪ್ಲಿಂಟ್ ಬರೆದುಕೊಟ್ಟರು. ಹಾಕಿಕೊಂಡು ಮಲಗಿದರೂ ಕಡಿಮೆಯಾಗಿಲ್ಲ. ಇನ್ನೂ ಬಿಗಿಯಾಗಿ ಕಟ್ಟಬೇಕಾ? ನೋವಿಗೆ ಐಬುಪ್ರೊಫೆನ್ ತಗೋಬಹುದಾ?

ಉತ್ತರ 1
ಬಿಗಿ ಮಾಡಲೇಬೇಡಿ, ಊತ ಇನ್ನೂ ಹೆಚ್ಚುತ್ತೆ. ಮೊದಲು ಒಳಗಿನ ಲೋಹದ ಪಟ್ಟಿ ಹೊರಗೆಳೆದು ನೋಡಿ. ರೆಡಿಮೇಡ್ ಸ್ಪ್ಲಿಂಟ್‌ಗಳಲ್ಲಿ ಅದು ಎಷ್ಟೋ ಸಲ 20-30 ಡಿಗ್ರಿ ಹಿಂದಕ್ಕೆ ಬಾಗಿರುತ್ತೆ. ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರದ ಜೊತೆ ಒಂಬತ್ತು ಸ್ನಾಯುರಜ್ಜುಗಳಿವೆ. ಬಸುರಿನಲ್ಲಿ ಮೈಯಲ್ಲಿ ನೀರು ನಿಂತು ಆ ಜಾಗ ಇನ್ನೂ ಇಕ್ಕಟ್ಟಾಗಿರುತ್ತೆ. ಕೈ ಹಿಂದಕ್ಕೆ ಬಾಗಲಿ, ಮುಂದಕ್ಕೆ ಬಾಗಲಿ, ನರದ ಮೇಲೆ ಒತ್ತಡ ಏರುತ್ತೆ. ಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ಮತ್ತೆ ತೂರಿಸಿ. ಹಾಕಿಕೊಂಡಾಗ ಮುಂಗೈಯೂ ಅಂಗೈಯೂ ಒಂದೇ ಗೆರೆಯಲ್ಲಿರಬೇಕು. ವೆಲ್ಕ್ರೋ ಅಡಿ ಒಂದು ಬೆರಳು ಸಲೀಸಾಗಿ ನುಸುಳಬೇಕು, ಬೆರಳ ಬುಡದ ಗೆಣ್ಣುಗಳು ಪೂರ್ತಿ ಮಡಚುವಂತಿರಬೇಕು. ಉಂಗುರ, ಬಳೆ ಈಗಲೇ ತೆಗೆದಿಡಿ.

ಉತ್ತರ 2
ಐಬುಪ್ರೊಫೆನ್ ಬೇಡ ಮೇಡಂ. 20 ವಾರ ದಾಟಿದ ಮೇಲೆ ಅದು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭಜಲ ಇಳಿಸಬಹುದು. ಪ್ಯಾರಾಸಿಟಮಾಲ್ ಸಾಕಾಗಬಹುದು, ಡೋಸ್ ನಿಮ್ಮ ಡಾಕ್ಟರನ್ನೇ ಕೇಳಿ. ಊತಕ್ಕೆಂದು ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ನುಂಗಬೇಡಿ. ವಿಟಮಿನ್ ಬಿ6 ಜಾಸ್ತಿ ತಗೊಂಡರೆ ನರಕ್ಕೇ ಹಾನಿ. ತಡೆಯಲಾರದಷ್ಟು ನೋವಿದ್ದರೆ ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು.

ಕಿರುಬೆರಳಿಗೂ ಜೋಮು ಇದೆಯಾ? ಅದು ಬೇರೆ ನರದ್ದು. ಇದ್ದರೆ ಮೊಣಕೈ, ಕುತ್ತಿಗೆಯನ್ನೂ ತೋರಿಸಬೇಕು.

ಪ್ರಶ್ನೆ ಕೇಳಿದವರು
ಕಿರುಬೆರಳು ಸರಿಯಾಗಿದೆ. ಪಟ್ಟಿ ತೆಗೆದು ನೋಡಿದೆ, ಚೆನ್ನಾಗಿ ಬಾಗಿದೆ! ಹಗಲೂ ಹಾಕಬೇಕಾ?

ಉತ್ತರ 1
ಇಡೀ ದಿನ ಬೇಡ, ಕೈ ಬಿಗಿದುಕೊಳ್ಳುತ್ತೆ. ಮೊಬೈಲ್ ಹಿಡಿಯುವುದು, ಟೈಪಿಂಗ್‌ನಂಥ ಮಣಿಕಟ್ಟು ಬಾಗುವ ಕೆಲಸಕ್ಕೆ ಮಾತ್ರ ಹಾಕಿ. ರಾತ್ರಿ ಮಾತ್ರ ತಪ್ಪಿಸಬೇಡಿ, ಒಂದೆರಡು ರಾತ್ರಿಗೆ ಗುಣ ಕಾಣದು. ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಹಾಲೂಡಿಸುವಾಗ ಮಗುವಿನ ತಲೆಯ ಭಾರ ಮಡಚಿದ ಮಣಿಕಟ್ಟಿನ ಮೇಲೆ ಬೀಳದಂತೆ ದಿಂಬು ಕೊಟ್ಟುಕೊಳ್ಳಿ.

ಉತ್ತರ 3
ಒಂದು ಮಾತು ಸೇರಿಸುತ್ತೇನೆ. ಗುಂಡಿ ಹಾಕಲು ಬಾರದೆ ಬೆರಳು ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ, ಹೆರಿಗೆವರೆಗೆ ಕಾಯದೆ ನರಪರೀಕ್ಷೆ ಮಾಡಿಸಿ. ಕೈ, ಮುಖ ಇದ್ದಕ್ಕಿದ್ದಂತೆ ಊದಿ ತಲೆನೋವು ಬಂದರೆ, ಕಣ್ಣು ಮಂಜಾದರೆ, ತಕ್ಷಣ ಆಸ್ಪತ್ರೆಗೆ ಹೋಗಿ. ಬಿಪಿ 140/90 ಮುಟ್ಟಿದ್ದರೆ ಅದು ಕಾರ್ಪಲ್ ಟನಲ್ ವಿಷಯವಲ್ಲ, ಬಸುರಿನಲ್ಲಿ ಬಿಪಿ ಏರಿ ಅಪಾಯ ತರುವ ಪ್ರೀಎಕ್ಲಾಂಪ್ಸಿಯಾ ಇರಬಹುದು.